ಅಡಿಕೆ ಸೋಮಾರಿಗಳ ಬೆಳೆಯಂತೆ!

"ಅಡಿಕೆ ಅಂದ್ರೆ ಸೋಮಾರಿಗಳ ಬೆಳೆ ಮಾರಾಯ್ರೆ. ಒಮ್ಮೆ ನೆಟ್ಟರೆ ಆಯ್ತು. ಮತ್ತೆ ಜಗಲಿಯಲ್ಲಿ ಕೂತು ಎಲೆ ತಿನ್ನುವುದೊಂದೇ ಕೆಲಸ."

ಈ ಡಯಲಾಗು ನೀವೂ ಕೇಳಿರುತ್ತೀರಿ. ಮದುವೆ ಊಟದ ಪಂಕ್ತಿಯಲ್ಲಿ ಕೇಳಿರುತ್ತೀರಿ, ಬೆಂಗಳೂರಿನ ರಾತ್ರಿ ಬಸ್ಸಿನಲ್ಲಿ ಪಕ್ಕದ ಸೀಟಿನವರ ಬಾಯಲ್ಲಿ ಕೇಳಿರುತ್ತೀರಿ, ನಮ್ಮ ನಿಮ್ಮಂಥವರ ಬ್ಲಾಗುಗಳ ಕಮೆಂಟಿನಲ್ಲೂ ಓದಿರುತ್ತೀರಿ. ಹೇಳುವವರಿಗೆ ಅದೊಂದು ತಮಾಷೆ. ಕೇಳಿ ಕೇಳಿ ನನಗಂತೂ ಸಾಕಾಗಿ ಹೋಗಿದೆ. ಹಾಗಾಗಿ ಇವತ್ತು ಸ್ವಲ್ಪ ಖಾರವಾಗಿಯೇ ಕುಟ್ಟುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ :)

ಈ ಮಾತಿಗೊಬ್ಬ ಅವಳಿ ತಮ್ಮ ಇದ್ದಾನೆ. ಅವನು ನಮ್ಮ ಬ್ಲಾಗುಗಳಲ್ಲೇ ಹುಟ್ಟಿ ಬೆಳೆದವನು. ಜೂನ್ ಬಂತೆಂದರೆ ಅವನ ಹಾವಳಿ ಶುರು. ಹಂಚಿನ ಮಾಡು, ಸೂರಿನಿಂದ ಇಳಿಯುವ ನೀರು, ಹಲಸಿನ ಹಪ್ಪಳ, ಬಿಸಿ ಬಿಸಿ ಕಾಫಿ, ತೋಟದಲ್ಲಿ ಕಪ್ಪೆಗಳ ಸಂಗೀತ.... ಕೊನೆಗೆ, "ಒಂದು ದಿನ ಎಲ್ಲ ಬಿಟ್ಟು ಊರಿಗೆ ಹೋಗಿ ತೋಟ ನೋಡ್ಕೊಂಡು ಇದ್ದುಬಿಡಬೇಕು" ಅಂತ ಒಂದು ನಿಟ್ಟುಸಿರು. ಓದಲು ಚೆಂದವೇ. ಅದರ ಕೆಳಗೆ "ಸೂಪರ್, ಊರು ನೆನಪಾಯ್ತು" ಎಂಬ ಇಪ್ಪತ್ತು ಕಮೆಂಟು.

ಅಣ್ಣ ಹೇಳುತ್ತಾನೆ, ತೋಟದಲ್ಲಿ ಕೆಲಸವೇ ಇಲ್ಲ ಅಂತ. ತಮ್ಮ ಹೇಳುತ್ತಾನೆ, ಅಲ್ಲಿರುವುದೆಲ್ಲ ಹಪ್ಪಳ ಮತ್ತು ಕಪ್ಪೆ ಅಂತ. ಇಬ್ಬರ ತೋಟದಲ್ಲೂ ಮರದ ತುದಿಯಲ್ಲಿ ಯಾರೂ ಇಲ್ಲ! ನನ್ನ ತಕರಾರು ಇರುವುದು ಅಲ್ಲಿಯೇ.

ನಾನು ಹೇಳುತ್ತಿರುವುದು ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಸಣ್ಣ ತೋಟಗಳ ಬಗ್ಗೆ. ಒಂದು ಎಕ್ರೆ, ಒಂದೂವರೆ, ಹೆಚ್ಚೆಂದರೆ ಎರಡು. ಒಂಬತ್ತು ಅಡಿಗೊಂದು ಗಿಡ ನೆಟ್ಟರೆ ಎಕ್ರೆಗೆ ಸುಮಾರು 550 ಮರ. ನಡುವೆ ಕೊಕ್ಕೊ, ಮರಕ್ಕೆ ಹಬ್ಬಿಸಿದ ಒಳ್ಳೆಮೆಣಸಿನ ಬಳ್ಳಿ, ಅಂಚಿನಲ್ಲಿ ತೆಂಗು, ಹಟ್ಟಿಯಲ್ಲಿ ಒಂದೆರಡು ದನ. ಮನೆಯವರೇ ಕೆಲಸದವರು. ಅವರ ಒಂದು ವರ್ಷ ಹೇಗಿರುತ್ತದೆ ಅಂತ ನೋಡಿ. ಆಮೇಲೆ ಸೋಮಾರಿ ಯಾರು ಅಂತ ನೀವೇ ಹೇಳಿ.

*

ನಮ್ಮ ತೋಟದ ವರ್ಷ ಶುರುವಾಗುವುದು ಪತ್ತನಾಜೆಗೆ. ಮೇ ತಿಂಗಳ ಕೊನೆಯ ವಾರ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ಮುಗಿಯುತ್ತವೆ. ಊರಿಗೆಲ್ಲ ಆಟ ಮುಗಿಯಿತು ಎನ್ನುವ ಹೊತ್ತಿಗೆ ತೋಟದವನ ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ. ಮದ್ದು ಬಿಡಲು ಜನ ಸಿಕ್ಕುತ್ತಾರಾ ಇಲ್ಲವಾ?

ಮದ್ದು ಎಂದರೆ ಬೋರ್ಡೋ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಕಬ್ಬಿಣದ ಪಾತ್ರೆ ಆಗದು. ಕತ್ತಿಯ ತುದಿ ಅದ್ದಿ ನೋಡಬೇಕು, ಕೆಂಪಗಾದರೆ ಸುಣ್ಣ ಸಾಲದು ಅಂತ ಅರ್ಥ. ಮಳೆ ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಕಳೆದು ಇನ್ನೊಂದು ಸಲ. ಮಳೆ ಬಿಡದಿದ್ದರೆ ಮೂರನೆಯದು.

ಎರಡನೆಯ ಮದ್ದು ಬೀಳುವುದು ಆಟಿ ತಿಂಗಳ ಆಸುಪಾಸಿನಲ್ಲಿ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರು ನಮ್ಮದು. ಎಂಟು ದಿನ ಸೂರ್ಯ ಕಾಣುವುದಿಲ್ಲ. ಒಂಬತ್ತನೇ ದಿನ ಬೆಳಿಗ್ಗೆ ಎರಡು ಗಂಟೆ ಬಿಸಿಲು ಬಿದ್ದರೆ ಊರಿಡೀ ಫೋನು. ಮದ್ದು ಬಿಡುವವನು ಒಬ್ಬ, ಕಾಯುವ ತೋಟ ಹದಿನೈದು. ಆ ಬಿಸಿಲು ತಪ್ಪಿದರೆ ಕೊಳೆರೋಗ ಗೊನೆಗೆ ಹತ್ತುತ್ತದೆ, ನಾವು ಮಹಾಳಿ ಎನ್ನುವುದು ಅದನ್ನೇ. ಅರ್ಧ ಬೆಳೆದ ಕಾಯಿ ಕೊಳೆತು ರಾತ್ರಿಯಿಡೀ ಪಟಪಟ ಬೀಳುತ್ತದೆ. ನಮ್ಮ ಬ್ಲಾಗುಗಳಲ್ಲಿ ಕಪ್ಪೆಗಳ ಸಂಗೀತದ ಬಗ್ಗೆ ಬರೆದವರು ಬಹಳ. ಆ ಪಟಪಟ ಸದ್ದಿನ ಬಗ್ಗೆ ಬರೆದವರನ್ನು ನಾನು ಕಂಡಿಲ್ಲ. ಮಹಾಳಿ ಬಂದ ವರ್ಷ ಮಲಗಿದವರಿಗೆ ಮಾತ್ರ ಕೇಳುವ ಸದ್ದು ಅದು. ಬಿದ್ದದ್ದನ್ನು ಹೆಕ್ಕಿ ಒಣಗಿಸಿದರೆ ಸಿಕ್ಕುವುದು ಹೆಚ್ಚಿನದ್ದು ಕರಿಗೋಟು. ಅಂಗಡಿಯವರು ಮೂಗು ಮುರಿದು ಕೊಳ್ಳುವ ಮಾಲು.

ಈ ಮದ್ದಿನ ಕತೆಯೇ ಒಂದು ತಮಾಷೆ. ಬೋರ್ಡೋ ಎಂದರೆ ಫ್ರಾನ್ಸಿನ ಒಂದು ಊರು. ಅಲ್ಲಿ ದ್ರಾಕ್ಷಿ ಕದಿಯುವವರಿಗೆ ಹೇಸಿಗೆ ಹುಟ್ಟಲಿ ಅಂತ ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತು, ಸುಣ್ಣ ಎರಚುತ್ತಿದ್ದರಂತೆ. ಹಾಗೆ ಎರಚಿದ ಬಳ್ಳಿಗಳಿಗೆ ಬೂಜುರೋಗ ಹತ್ತದ್ದನ್ನು ಕಂಡ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ 1885ರಲ್ಲಿ ಅದನ್ನೇ ಮದ್ದು ಅಂತ ಜಗತ್ತಿಗೆ ಸಾರಿದರು. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಅಡಿಕೆಯ ಕೊಳೆರೋಗದ ಬಗ್ಗೆ ಅಧ್ಯಯನ ಮಾಡಿ ಇದೇ ಮದ್ದನ್ನು ಅಡಿಕೆಗೆ ಹಿಡಿಸಿದರು.

ಮದ್ದು ಒಂದೇ, ಆದರೆ ಮರ ನೋಡಿ. ದ್ರಾಕ್ಷಿ ಬಳ್ಳಿ ಮನುಷ್ಯನ ಎದೆಯೆತ್ತರ. ಅಲ್ಲಿನ ರೈತ ನೆಲದ ಮೇಲೆ ನಿಂತು ಮದ್ದು ಬಿಡುತ್ತಾನೆ. ಅಡಿಕೆಗೆ ಐವತ್ತು ಅಡಿ ಹತ್ತಬೇಕು, ಅದೂ ಪಾಚಿ ಹಿಡಿದು ಸಾಬೂನಿನ ಹಾಗೆ ಜಾರುವ ಮರವನ್ನು. ಕಾಲಿಗೊಂದು ಬಳ್ಳಿ, ಕೂರಲು ಅಂಗೈಯಗಲದ ಹಲಗೆ, ಒಂದು ಕೈಯಲ್ಲಿ ಮದ್ದಿನ ಕೋಲು. ಒಂದು ಮರ ಮುಗಿದ ಮೇಲೆ ಪಕ್ಕದ ಮರವನ್ನು ಎಳೆದುಕೊಂಡು ಅದಕ್ಕೆ ದಾಟುತ್ತಾನೆ. ಕೆಳಗೆ ಪಂಪು, ಪೈಪು ನೋಡಿಕೊಳ್ಳಲು ಮನೆಯವರು. ಮೇಲಿನಿಂದ ನೀಲಿ ನೀರು ಇವರ ತಲೆಯ ಮೇಲೆಯೇ ಸುರಿಯುತ್ತದೆ.

ಫ್ರಾನ್ಸಿನ ದ್ರಾಕ್ಷಿ ತೋಟ, ಇಟಲಿಯ ಆಲಿವ್ ತೋಟ ಎಂದರೆ ನಮಗೆಲ್ಲ ಭಾರೀ ಗೌರವ. ಅಜ್ಜ, ಮೊಮ್ಮಕ್ಕಳು ಸೇರಿ ಕೊಯ್ಯುವ ವಿಡಿಯೋ ನೋಡಿ "ಎಂಥಾ ಬದುಕು!" ಎನ್ನುತ್ತೇವೆ. ದ್ರಾಕ್ಷಿ, ಆಲಿವ್ ಕೂಡ ಒಮ್ಮೆ ನೆಟ್ಟರೆ ತಲೆಮಾರುಗಟ್ಟಲೆ ನಿಲ್ಲುವ ಬೆಳೆಗಳೇ. ಅವರನ್ನು ಸೋಮಾರಿಗಳು ಅಂತ ನಾವು ಯಾರೂ ಹೇಳಿದ್ದಿಲ್ಲ. ನಮ್ಮೂರಿನ ಅಜ್ಜ ಅದನ್ನೇ ಮಾಡಿದರೆ ಸೋಮಾರಿ. ಎಂತ ನ್ಯಾಯ ಮಾರಾಯ್ರೆ ಇದು?

*

ಮಳೆ ಇಳಿದ ಮೇಲೆ ಕಳೆ, ಸೊಪ್ಪು, ಹಟ್ಟಿಗೊಬ್ಬರ, ಬುಡ ಬಿಡಿಸುವುದು, ಕಣಿ ತೆಗೆಯುವುದು. ನವೆಂಬರ್ ಡಿಸೆಂಬರಿಗೆ ತೋಡಿನ ನೀರು ಇಳಿಯುವ ಮೊದಲು ಕಟ್ಟ ಕಟ್ಟಬೇಕು. ಕಟ್ಟ ಎಂದರೆ ತೋಡಿಗೆ ಅಡ್ಡಲಾಗಿ ವರ್ಷವರ್ಷ ಹಾಕುವ ತಾತ್ಕಾಲಿಕ ಒಡ್ಡು. ಮೊದಲು ಕಲ್ಲು, ಮಣ್ಣು, ಮರ, ಈಗ ಹೆಚ್ಚಾಗಿ ಮರಳು ಚೀಲ. ನಾಲ್ಕು ಮನೆಯವರು ಸೇರದೆ ಆಗದ ಕೆಲಸ. ಹಾಗಾಗಿಯೇ ಎಷ್ಟೋ ಕಡೆ ಅದು ನಿಂತು ಹೋಗಿ ಬೋರ್‌ವೆಲ್ ಬಂದದ್ದು.

ಅಲ್ಲಿಂದ ಕೊಯ್ಲು. ಮಲೆನಾಡಿನವರು ಹಸಿರು ಕಾಯಿ ಕೊಯ್ದು ಬೇಯಿಸಿ ಕೆಂಪಡಿಕೆ ಮಾಡುತ್ತಾರೆ. ನಮ್ಮದು ಚಾಲಿ. ಗೊನೆ ಹಣ್ಣಾಗುವವರೆಗೆ ಕಾದು ಕೊಯ್ದು ಅಂಗಳದಲ್ಲಿ ನಲವತ್ತು ನಲವತ್ತೈದು ದಿನ ಬಿಸಿಲಿಗೆ ಹರಡುವುದು. ಎಲ್ಲ ಗೊನೆ ಒಟ್ಟಿಗೆ ಹಣ್ಣಾಗುವುದಿಲ್ಲವಾದ್ದರಿಂದ ಅದೇ ಮರಕ್ಕೆ ಮೂರು ನಾಲ್ಕು ಸಲ ಹತ್ತಬೇಕು. ಇದರ ನಡುವೆ ಜನವರಿ ಫೆಬ್ರವರಿಗೆ ಒಳ್ಳೆಮೆಣಸು ಬರುತ್ತದೆ. ಅಂಗಳದಲ್ಲಿ ಅಡಿಕೆ ಇರುವಾಗ ಆಕಾಶದಲ್ಲಿ ಒಂದು ಕಪ್ಪು ಮೋಡ ಕಂಡರೆ ಮನೆಯಲ್ಲಿ ಊಟಕ್ಕೆ ಕೂತವರೂ ಎದ್ದು ಓಡುತ್ತಾರೆ. ಒಂದು ಮಳೆಗೆ ಬೂಸ್ಟು ಹಿಡಿದರೆ ತಿಂಗಳ ಬಿಸಿಲು ನೀರಿನ ಪಾಲು.

ಹೆಕ್ಕುವವರು, ಹರಡುವವರು, ಮಗುಚುವವರು, ರಾತ್ರಿ ಕೂತು ಸುಲಿಯುವವರು ಯಾರು? ಹೆಚ್ಚಿನ ಮನೆಗಳಲ್ಲಿ ಹೆಂಗಸರು. ಮೆಷಿನ್ ಬಂದಿದೆ ನಿಜ, ಆದರೆ ಸುಲಿದದ್ದನ್ನು ಬೇರೆ ಮಾಡುವ ಕಣ್ಣು ಮೆಷಿನಿಗಿಲ್ಲ. ಪಟೋರ ಬೇರೆ, ಉಳ್ಳಿಗಡ್ಡೆ ಬೇರೆ, ಕರಿಗೋಟು ಬೇರೆ. ಬೆಳಿಗ್ಗೆ ಹಾಲು ಕರೆದು ಡೈರಿಗೆ ಕೊಟ್ಟು ಬಂದು, ಅಡುಗೆ ಮುಗಿಸಿ, ಮಧ್ಯಾಹ್ನ ಅಡಿಕೆ ಮಗುಚಿ, ರಾತ್ರಿ ಸುಲಿಯುವ ಹೆಂಗಸನ್ನು ಕೇಳಿ, "ಎಂತ ಕೆಲಸ ಮಾಡ್ತೀರಿ?" ಅಂತ. "ಮನೆಯಲ್ಲೇ ಇರುವುದು" ಎನ್ನುತ್ತಾಳೆ. ಅಡಿಕೆ ಮಾರಿದ ಚೀಟಿಯಲ್ಲಿ ಅವಳ ಹೆಸರು ಹುಡುಕಿ ನೋಡಿ, ಸಿಕ್ಕಿದರೆ ನನಗೂ ಹೇಳಿ.

ಮಾರ್ಚ್ ಏಪ್ರಿಲಿನಲ್ಲಿ ನೀರು. ಕರೆಂಟು ಯಾವಾಗ ಬರುತ್ತದೋ ಆವಾಗ ಎದ್ದು ಪಂಪು ಹಾಕಬೇಕು. ರಾತ್ರಿ ಎರಡು ಗಂಟೆಗೆ ಟಾರ್ಚು ಹಿಡಿದು ಜೆಟ್ ಬದಲಾಯಿಸಲು ಹೋಗುವವನಿಗೆ ಸುಬ್ರಹ್ಮಣ್ಯದ ಕಡೆಯ ಕಾಡಂಚಿನಲ್ಲಿ ಆನೆಯ ಭಯ ಬೇರೆ. 2023ರ ಫೆಬ್ರವರಿಯಲ್ಲಿ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ ಆನೆ ತುಳಿದು ಇಬ್ಬರು ಸತ್ತದ್ದು ಪೇಪರಿನಲ್ಲಿ ಬಂದಿತ್ತಲ್ಲ? ಬೆಳ್ಳಂಬೆಳಗ್ಗೆ ಹಾಲಿನ ಸೊಸೈಟಿಯ ಕೆಲಸಕ್ಕೆ ಹೊರಟಿದ್ದ ಹುಡುಗಿ ಒಬ್ಬಳು, ಅವಳನ್ನು ಉಳಿಸಲು ಓಡಿದವರು ಇನ್ನೊಬ್ಬರು. ಸೋಮಾರಿಗಳ ಊರಿನವರು ಅವರು.

ಮೇ ಬಂತು. ಮತ್ತೆ ಸುಣ್ಣ, ಮೈಲುತುತ್ತು. ಇಷ್ಟೇ ನಮ್ಮ ವರ್ಷ.

*

ಈಗ ಸಣ್ಣದೊಂದು ಲೆಕ್ಕ. ವರ್ಷಕ್ಕೆ ಎರಡು ಮದ್ದು, ಮೂರು ಕೊಯ್ಲು, ಅಂದರೆ ಒಂದು ಮರಕ್ಕೆ ಐದು ಸಲ. ಎಕ್ರೆಗೆ 550 ಮರ. ಐದರಿಂದ ಗುಣಿಸಿದರೆ 2,750. ಮರಕ್ಕೆ ಐವತ್ತು ಅಡಿಯಂತೆ 1,37,500 ಅಡಿ. ಮರದಿಂದ ಮರಕ್ಕೆ ದಾಟುತ್ತಾರಲ್ಲ, ಎಲ್ಲ ಮರಕ್ಕೂ ಬುಡದಿಂದ ಹತ್ತುವುದಿಲ್ಲ ಅಂತ ನೀವು ಹೇಳಬಹುದು. ಸರಿ, ಮುಕ್ಕಾಲು ಪಾಲು ಕಳೆಯಿರಿ. ಆದರೂ 34,000 ಅಡಿಗೆ ಮೇಲೆ ಉಳಿಯಿತು. ಎವರೆಸ್ಟ್ 29,032 ಅಡಿ. ಒಂದು ಎಕ್ರೆ "ಸೋಮಾರಿ ಬೆಳೆ"ಗೆ ಪ್ರತಿ ವರ್ಷ ಒಬ್ಬ ಮನುಷ್ಯ ಸಮುದ್ರಮಟ್ಟದಿಂದ ಎವರೆಸ್ಟಿನ ತುದಿಯನ್ನು ದಾಟಿ ಹತ್ತಬೇಕು. ಹತ್ತಿದವನಿಗೆ ಸನ್ಮಾನವಿಲ್ಲ, ಶಾಲೂ ಇಲ್ಲ :)

ಹಾಗಾದರೆ ಈ ಸೋಮಾರಿ ಎಂಬ ಮಾತು ಹುಟ್ಟಿದ್ದೆಲ್ಲಿ? ನನಗನ್ನಿಸುವುದು ಇಷ್ಟು. ಅದು ಒಂದು ಕಾಲಕ್ಕೆ ಜಗಲಿಯಲ್ಲಿ ಕೂತವರ ಮಟ್ಟಿಗೆ ನಿಜವೇ ಆಗಿತ್ತು. ಗೇಣಿ ಬರುತ್ತಿತ್ತು, ಒಕ್ಕಲು ಕೆಲಸ ಮಾಡುತ್ತಿತ್ತು, ಧಣಿ ಎಲೆ ತಿನ್ನುತ್ತಿದ್ದರು. ನೋಡಿದವರು ಧಣಿಯನ್ನು ನೋಡಿದರು, ಮರದ ಮೇಲೆ ಇದ್ದವನನ್ನು ನೋಡಲಿಲ್ಲ. ಪುತ್ತೂರಿನಲ್ಲಿ ಬಾಲವನ ಕಟ್ಟಿಕೊಂಡು ದಶಕಗಳ ಕಾಲ ಇದ್ದ ಶಿವರಾಮ ಕಾರಂತರು 'ಚೋಮನ ದುಡಿ' ಬರೆದು ತೊಂಬತ್ತು ವರ್ಷ ದಾಟಿತು. ಚೋಮನಿಗೆ ಬೇಕಿದ್ದದ್ದು ಕೂತು ತಿನ್ನುವ ಭಾಗ್ಯವಲ್ಲ, ಸ್ವಂತ ಬೇಸಾಯ. 1974ರ ಭೂಸುಧಾರಣೆಯ ನಂತರ ಡಿಕ್ಲರೇಷನ್ ಕೊಟ್ಟ ಗೇಣಿದಾರರಲ್ಲಿ ಎಷ್ಟೋ ಮಂದಿ ನಮ್ಮ ಕಡೆ ಜಾಗದ ಒಡೆಯರಾದರು. ಇವತ್ತಿನ ಸಣ್ಣ ತೋಟಗಳಲ್ಲಿ ಹಲವು ಹಾಗೆ ಬಂದವು. ತೋಟದ ಕೈ ಬದಲಾಯಿತು, ಗಾದೆ ಮಾತ್ರ ಹಾಗೇ ಉಳಿಯಿತು.

ಪುತ್ತೂರಿಗೆ ಹತ್ತಿರವೇ ಇರುವ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರನ್ನು ನೆನಪಿಸಿಕೊಳ್ಳಿ. ಕೂಲಿಗೆ ಅಡಿಕೆ, ತೆಂಗಿನ ಮರ ಹತ್ತುತ್ತಿದ್ದವರು. ಅವರಿಗೆ ಸಿಕ್ಕಿದ್ದು ನೀರಿಲ್ಲದ ಬೋಳುಗುಡ್ಡ. ಹಗಲು ಕೂಲಿ, ಉಳಿದ ಹೊತ್ತು ಒಬ್ಬರೇ ಗುಡ್ಡದೊಳಗೆ ಸುರಂಗ ತೋಡುವುದು. ಒಂದು ಬತ್ತಿತು, ಇನ್ನೊಂದು ತೋಡಿದರು. ನೀರು ಸಿಕ್ಕುವವರೆಗೂ ಬಿಡಲಿಲ್ಲ. ಗುಡ್ಡ ಅಡಿಕೆ ತೋಟವಾಯಿತು. 2022ರಲ್ಲಿ ಪದ್ಮಶ್ರೀ ಬಂತು. ಇನ್ನು ಯಾರಾದರೂ ಸೋಮಾರಿ ಬೆಳೆ ಎಂದರೆ ಆ ಸುರಂಗದೊಳಗೆ ಹತ್ತು ನಿಮಿಷ ಬಗ್ಗಿ ನಡೆದು ಬನ್ನಿ ಎನ್ನಬೇಕು.

1970ರ ಸುಮಾರಿಗೆ ಧಾರಣೆ ಕುಸಿದಾಗ ನಮ್ಮವರು ತಲೆಗೆ ಕೈ ಹೊತ್ತು ಕೂರಲಿಲ್ಲ. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು. ಕೊಕ್ಕೊಗೆ ಕೊಳ್ಳುವವರಿಲ್ಲದಾಗ ಅದೇ ಸಂಸ್ಥೆ 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟ್ ಫ್ಯಾಕ್ಟರಿ ತೆರೆಯಿತು. 1988ರಲ್ಲಿ ಪುತ್ತೂರಿನಿಂದಲೇ 'ಅಡಿಕೆ ಪತ್ರಿಕೆ' ಹೊರಟಿತು, ಶ್ರೀಪಡ್ರೆಯವರು ಕೃಷಿಕರ ಕೈಗೇ ಪೆನ್ನು ಕೊಟ್ಟರು. ಬ್ಲಾಗು ಎಂಬ ಶಬ್ದ ಹುಟ್ಟುವ ಮೊದಲೇ ನಮ್ಮೂರಿನ ರೈತರು ತಮ್ಮ ಅನುಭವ ತಾವೇ ಬರೆದು ಅಚ್ಚು ಹಾಕಿಸುತ್ತಿದ್ದರು, ಗೊತ್ತುಂಟಾ?

ಅಡಿಕೆಯನ್ನು ಬೈಯಲೇಬೇಕು ಅಂತಿದ್ದರೆ ಸರಿಯಾದ ಕಾರಣಕ್ಕೆ ಬೈಯಿರಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಗದ್ದೆಗಳೆಲ್ಲ ತೋಟವಾಗಿ ಭತ್ತ ಕಾಣೆಯಾದದ್ದೂ ನಿಜ. ಈ ಎರಡರ ಬಗ್ಗೆ ಬೆಳೆಗಾರ ಉತ್ತರ ಕೊಡಬೇಕು, ಜಾರಿಕೊಳ್ಳಬಾರದು. ಆ ಚರ್ಚೆಗೆ ನಾನು ಯಾವತ್ತೂ ರೆಡಿ. ಆದರೆ ಬೆವರು ಸುರಿಸುವವರನ್ನು ಸೋಮಾರಿ ಎನ್ನುವುದು ಚರ್ಚೆಯಲ್ಲ, ಅವಮಾನ.

*

ಇಷ್ಟು ಹೊತ್ತು ಪೇಟೆಯವರಿಗೆ ಬೈದೆ. ಇನ್ನು ನಮ್ಮವರಿಗೆ.

ಈ ಸೋಮಾರಿ ಮಾತನ್ನು ಬೆಳೆಗಾರರೇ ನಗುತ್ತಾ ಒಪ್ಪಿಕೊಳ್ಳುವುದನ್ನು ನೋಡಿದ್ದೇನೆ. "ಹೌದು ಮಾರಾಯ, ನಮಗೆಂತ ಕೆಲಸ" ಅಂತ. ಅದರಲ್ಲೊಂದು ಸಣ್ಣ ಠೀವಿ ಉಂಟು. ಕೆಲಸವೇ ಇಲ್ಲ ಎಂದಾದರೆ ಮನೆಯ ಹೆಂಗಸರ ದುಡಿಮೆಗೆ ಲೆಕ್ಕ ಬರೆಯಬೇಕಿಲ್ಲ. ಮರ ಹತ್ತುವವನ ಅಪಾಯಕ್ಕೂ ಬೆಲೆ ಕಟ್ಟಬೇಕಿಲ್ಲ. ಅವನು ಸಂಬಳ ಜಾಸ್ತಿ ಕೇಳಿದಾಗ "ಕೇಳಿದಷ್ಟು ಕೊಡಬೇಕು ಇವರಿಗೆ, ಗತಿ ಇಲ್ಲ" ಅಂತ ಗೊಣಗುತ್ತೇವೆ. ಐವತ್ತು ಅಡಿಯಿಂದ ಬಿದ್ದವನು ಬದುಕಿದರೂ ಹಾಸಿಗೆ ಹಿಡಿಯುತ್ತಾನೆ. ಆಗ ನಾಲ್ಕು ಮನೆಯವರು ಸೇರಿ ಒಂದಷ್ಟು ಕೊಟ್ಟು ಕೈ ತೊಳೆದುಕೊಳ್ಳುವುದು ರೂಢಿ.

ಅಡಿಕೆಗೆ ವಿಮೆ ಉಂಟು. ಹವಾಮಾನ ಆಧರಿಸಿದ ಬೆಳೆ ವಿಮೆಗೆ ಈಚಿನ ವರ್ಷಗಳಲ್ಲಿ ನಾವು ಹೆಕ್ಟೇರಿಗೆ 6,400 ರೂಪಾಯಿ ಕಂತು ಕಟ್ಟುತ್ತಾ ಬಂದಿದ್ದೇವೆ, ವಿಮೆಯ ಮೊತ್ತ 1.28 ಲಕ್ಷ. ಕೊನೆಯ ತಾರೀಕು ಬಂದರೆ ಸೊಸೈಟಿಯ ಎದುರು ಕ್ಯೂ ನಿಲ್ಲುತ್ತೇವೆ. ಪಂಚಾಯತಿನ ಮಳೆ ಮಾಪಕ ಸರಿ ಇಲ್ಲ ಅಂತ ಗಲಾಟೆಯನ್ನೂ ಮಾಡುತ್ತೇವೆ, ಮಾಡಬೇಕಾದ್ದೇ. ಆದರೆ ಆ ಅಡಿಕೆಯನ್ನು ಕೆಳಗಿಳಿಸುವವನಿಗೆ? ಪ್ರಧಾನಮಂತ್ರಿ ಸುರಕ್ಷಾ ಬಿಮಾ ಎಂಬ ಅಪಘಾತ ವಿಮೆಗೆ 2022ರ ಜೂನಿನಿಂದ ವರ್ಷಕ್ಕೆ 20 ರೂಪಾಯಿ. ಸತ್ತರೆ ಎರಡು ಲಕ್ಷ. ಒಂದು ಕಿಲೋ ಚಾಲಿ ಮಾರಿದ ದುಡ್ಡಿನಲ್ಲಿ ಹತ್ತು ಜನರ ಕಂತು ಕಟ್ಟಿ ಮಿಕ್ಕೀತು. "ನಿನ್ನ ಖಾತೆಯಲ್ಲಿ ಅದು ಉಂಟಾ?" ಅಂತ ಹತ್ತುವವನನ್ನು ಎಷ್ಟು ಜನ ಕೇಳಿದ್ದೇವೆ? ತೆಂಗು ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ 'ಕೇರ ಸುರಕ್ಷಾ' ವಿಮೆ ಇದೆ. ತೆಂಗಿನವರಿಗೆ ಹೊಳೆದದ್ದು ನಮಗೇಕೆ ಹೊಳೆಯಬಾರದು?

"ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆಯಲ್ಲ, ಹತ್ತುವುದೇ ಬೇಡ" ಎನ್ನುವವರಿದ್ದಾರೆ. ಬರಲಿ, ಒಳ್ಳೆಯದೇ. ನೆಲದಲ್ಲಿ ನಿಂತೇ ಕೊಯ್ಯಬಹುದು, ಮದ್ದು ಬಿಡಬಹುದು. ಒಂದು ಜೀವ ಉಳಿದರೂ ಅದರ ದುಡ್ಡು ಹುಟ್ಟಿತು. ಆದರೆ ಹತ್ತಾರು ಸಾವಿರ ಕೊಟ್ಟು ಕೊಳ್ಳುವ ಶಕ್ತಿ ಒಂದು ಎಕ್ರೆಯವನಿಗೆ ಎಲ್ಲಿ? ದೋಟಿ ಹಿಡಿದು ದಿನವಿಡೀ ಕತ್ತು ಮೇಲೆತ್ತಿ ನಿಲ್ಲುವುದೂ ಕೆಲಸವೇ, ಅದಕ್ಕೂ ಕಲಿಕೆ ಬೇಕು, ಸಂಬಳ ಬೇಕು.

ಇಷ್ಟೆಲ್ಲ ಮಾಡಿಯೂ ಸುಳ್ಯದ ಸಂಪಾಜೆ, ಅರಂತೋಡು ಕಡೆ ಹೋಗಿ ನೋಡಿ. ಹಳದಿ ಎಲೆ ರೋಗಕ್ಕೆ ಮದ್ದಿಲ್ಲ. ಅಪ್ಪ ನೆಟ್ಟ ತೋಟ ಮಗನ ಕಣ್ಣೆದುರು ತುದಿ ಚಿಕ್ಕದಾಗುತ್ತಾ, ಫಸಲು ಇಳಿಯುತ್ತಾ ಹೋಗುತ್ತದೆ. ಈಗ ಅದರ ಮೇಲೆ ಎಲೆಚುಕ್ಕಿ. ಸೋಮಾರಿಯಾಗಿದ್ದರೆ ಇವರಿಗೆ ಇಷ್ಟು ದುಃಖವಾಗುತ್ತಿರಲಿಲ್ಲ. ಕೆಲಸ ಮಾಡಿ ಬೆಳೆಸಿದ್ದಕ್ಕೇ ಕಣ್ಣೀರು ಬರುವುದು.

*

ಬ್ಲಾಗಿಗ ಮಿತ್ರರಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ಮುಂದಿನ ಸಲ ಮಳೆಗಾಲದ ಪೋಸ್ಟು ಬರೆಯುವಾಗ ಹಪ್ಪಳ ಇರಲಿ, ಕಪ್ಪೆಯೂ ಇರಲಿ. ಆದರೆ ಒಮ್ಮೆ ತಲೆ ಎತ್ತಿ ಮರದ ತುದಿ ನೋಡಿ ಬರೆಯಿರಿ. ಅಲ್ಲಿ ಇರುವವನ ಹೆಸರು ಗೊತ್ತಿಲ್ಲದಿದ್ದರೆ ಊರಿಗೆ ಫೋನು ಮಾಡಿ ಕೇಳಿ. ಅಮ್ಮ ಎಷ್ಟು ಗಂಟೆಗೆ ಎದ್ದು ಎಷ್ಟು ಗಂಟೆಗೆ ಮಲಗುತ್ತಾರೆ ಅಂತಲೂ ಕೇಳಿ. ನಿಮಗೆ ತಿಂಗಳ ಸಂಬಳ ಬರುತ್ತದಲ್ಲ, ಆ ಸಂಬಳಕ್ಕೆ ಮೊದಲು ನಿಮ್ಮ ಕಾಲೇಜಿನ ಫೀಸು ಬಂದದ್ದು ಯಾವ ಮರದಿಂದ ಅಂತ ಲೆಕ್ಕ ಹಾಕಿ. ತೋಟವಿರುವವರು ಈ ಪತ್ತನಾಜೆಗೆ ಮೊದಲು ಆ 20 ರೂಪಾಯಿಯ ಕೆಲಸ ಮುಗಿಸಿ.

ಇಷ್ಟಾದ ಮೇಲೂ ಸೋಮಾರಿ ಬೆಳೆ ಎನ್ನುವವರಿಗೆ ಆಟಿಯಲ್ಲಿ ನಮ್ಮಲ್ಲಿಗೆ ಸ್ವಾಗತ. ಕಾಫಿ, ಹಪ್ಪಳ ನಮ್ಮ ಲೆಕ್ಕದಲ್ಲಿ. ಮರ ಹತ್ತಿ ಅಂತ ಹೇಳುವುದಿಲ್ಲ, ಭಯ ಬೇಡ. ಕೆಳಗೆ ನಿಂತು ಪೈಪು ಹಿಡಿದರೆ ಸಾಕು.

ನೀವೇನಂತೀರಿ? ಜಗಳವಾಡುವುದಿದ್ದರೂ ಕಮೆಂಟಿನಲ್ಲೇ ಆಡೋಣ.

ಬಾಲಂಗೋಚಿ: "ತೋಟ ಇದ್ದವರಿಗೆ ಎಂತ ಟೆನ್ಷನ್?" ಅಂತ ಕೇಳುವ ನೆಂಟರೇ, ಮದುವೆಗೆ ಹೆಣ್ಣು ನೋಡುವಾಗ ಮಾತ್ರ "ಹುಡುಗ ಊರಲ್ಲೇ ತೋಟ ನೋಡ್ಕೊಂಡಿದ್ದಾನಾ? ಹಾಗಾದರೆ ಬೇಡ" ಅಂತ ಏಕೆ ಹೇಳುತ್ತಾರೋ! ಅಷ್ಟು ಆರಾಮದ ಬದುಕಾಗಿದ್ದರೆ ಸಾಲು ನಿಲ್ಲಬೇಕಿತ್ತಲ್ಲ :)